ಮೈಮ್ಯಾಲ ಏನರ ಐತೇನ್ರಿ

ತೀನ್ ಕಂದೀಲಿನಿಂದ ಆಟೋದಲ್ಲಿ ಹತ್ತು ನಿಮಿಷ.
ನೆಲಮಾಳಿಗೆ. ರಾಯಚೂರಿನ ಬಿಸಿಲು
ಮೆಟ್ಟಿಲ ತನಕ ಬಂದು ಹಿಂದಿರುಗುವ ಕೋಣೆ.
ಅಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ:
ಮೈಮ್ಯಾಲ ಲೋಹದ್ದು ಏನರ ಐತೇನ್ರಿ?

ಮೊದಲು ಗಡಿಯಾರ, ಬೆಲ್ಟು, ಚಿಲ್ಲರೆ.
ಆಮೇಲೆ, ಸ್ವಲ್ಪ ತಡೆದು, ಉಳಿದದ್ದು:
ತೋಳಿನ ತಾಯಿತ, ಉಡಿದಾರದ ತಗಡು,
ಅಲಾಯಿ ಕುಣಿಯ ಮುಂದೆ ಕಟ್ಟಿಸಿಕೊಂಡ ಹಸಿರು ದಾರ.
ದಾರ ಇದ್ದರ ನಡೀತೈತಿ ಅಂದರೂ
ಮಾನ್ವಿಯ ಹುಡುಗ ಬಿಚ್ಚಿಯೇ ಕೊಟ್ಟ,
ಹೊರಬಂದು ಮೂರೂ ಗಂಟು ಮುಟ್ಟಿ ನೋಡಿ ತಗೊಂಡ.

ನೀಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಲ್ಲವೂ
ಒಂದರ ಮೈಗೊಂದು ತಾಗಿ ಮಲಗಿರುತ್ತವೆ.
(ಮುಂದಕ್ಕೆ ಹೇಳಿದರೆ ಭಾಷಣವಾಗುತ್ತದೆ, ಬಿಡಿ.)

ವಯಸ್ಸಾದವರು ಕೇಳಿದ ಕೂಡಲೆ ತೆಗೆಯುತ್ತಾರೆ,
ಅರ್ಧ ತಾಸು ಅವನಿಗೂ ವಿಶ್ರಾಂತಿ ಅಂತ ನಗುತ್ತಾರೆ.
ಕಷ್ಟ ನನ್ನ ವಾರಗೆಯವರದು.
ಇಂಜಿನಿಯರಿಂಗ್ ಓದುವವಳು ‘ಏನೂ ಇಲ್ಲ’ ಅಂದಳು,
ಬಾಗಿಲ ಬಳಿ ಕೈಯಲ್ಲಿನ ಕೋಲು ಕೂಗಿತು.
ಕಾಲುಚೀಲದೊಳಗೆ ಮಡಚಿದ ತಾಮ್ರದ ಯಂತ್ರ.
‘ಅಮ್ಮಂದು’ ಅಂದಳು.
ಯಾರದು ಅಂತ ನಾನು ಕೇಳಿರಲೇ ಇಲ್ಲ.

ಭುಜದ ಮೇಲೆ ಹನುಮಪ್ಪನ ಹಚ್ಚೆಯವನು
‘ಇವನ್ನ ಎಲ್ಲಿ ಇಡಾಮ, ಮೇಡಂ?’ ಅಂದ.
ಬಿಸಿ ಅನಿಸಿದರ ಬೆಲ್ ಒತ್ತು ಅಂದೆ.
ಒತ್ತಲಿಲ್ಲ. ತುಟಿ ಮಾತ್ರ ಆಡುತ್ತಿತ್ತು ಗಾಜಿನಾಚೆ.

ಇವತ್ತು ಬಂದವನು ಹುಸೇನಪ್ಪ, ಇಪ್ಪತ್ತು ವರ್ಷ,
ತಿಂಗಳಲ್ಲಿ ಎರಡು ಸಲ ಮೂರ್ಛೆ ಹೋದವನು.
ಕೊರಳಲ್ಲಿ ಲಿಂಗ.
ಜೊತೆಗೆ ಅಪ್ಪ ತಾಯಪ್ಪ, ಗಂಜಿನಲ್ಲಿ ಹತ್ತಿಮೂಟೆ ಹೊತ್ತ ಹೆಗಲು:
‘ಪೀರಲ ದೇವರಿಗೆ ಬೇಡಿಕೊಂಡು ಹಡದೀವಿ ಇವನ್ನ.
ನಮ್ಮ ಮನಿತನದಾಗ ಯಾರೂ ಕಟ್ಟಿದ್ದಲ್ಲ ಇದು.
ತೆಗಿಯೋ, ಯಾರು ನೋಡಾಕತ್ಯಾರ? ಏಳು ಸಾವಿರ ಕಟ್ಟೀನಿ.’
ಹುಡುಗ ನನ್ನನ್ನೇ ನೋಡಿದ:
‘ಹುಟ್ಟಿದಾಗ ಕಟ್ಟಿದ್ದಾದರ ತೆಗೀತಿದ್ನಿರಿ.
ಇದು ನಾನಾ ಕಟ್ಟಿಕೊಂಡಿದ್ದು.’

ಹುಟ್ಟಿದಾಗ ಕಟ್ಟಿದ ನನ್ನದು
ಹಟ್ಟಿಯ ಮನೆಯ ಕಪಾಟಿನಲ್ಲಿದೆ, ಅವ್ವನ ಸೀರೆಗಳ ಕೆಳಗೆ.
ಕೆಲಸಕ್ಕೆ ಸೇರಿದ ದಿನ ತೆಗೆದದ್ದು.
ಕೆಲಸದ ಹೊತ್ತಿಗಷ್ಟೇ ಅಂದಿದ್ದೆ.
ರವಿವಾರವೂ ಕೆಲಸದ ಹೊತ್ತಾಗಿ ಹೋಯಿತು.

ಡ್ರಾಯರಿನಿಂದ ಗುಂಡುಪಿನ್ನು ಹಿಡಿಯುವ
ಪುಟ್ಟ ಅಯಸ್ಕಾಂತ ತೆಗೆದೆ.
ಕರಡಿಗೆಯ ಹತ್ತಿರ ಒಯ್ದರೆ ಟಕ್ ಅಂತು.
ಬೆಳ್ಳಿಯಲ್ಲ, ಬೆಳ್ಳಿನೀರು ಕುಡಿದ ಕಬ್ಬಿಣ.
ಅಂಗಡಿಯವನನ್ನು ಅಪ್ಪ ಬೈದ, ಮಗ ಬೈಯಲಿಲ್ಲ,
ಮುಚ್ಚಳ ತಿರುಗಿಸಿ ಒಳಗಿನದನ್ನು ಅಂಗೈಗೆ ತಗೊಂಡ.
ಉಸಿರು ಹಿಡಿದು ಮತ್ತೆ ಒಯ್ದೆ.
ಈ ಕಡೆಯಿಂದ, ಆ ಕಡೆಯಿಂದ.
ಎಳೆಯಲಿಲ್ಲ.

ಮೇಲಿನ ಡಾಕ್ಟರರಿಗೆ ಫೋನು ಮಾಡಿ ಕೇಳಿದೆ.
ನಕ್ಕರು, ಆಗಲಿ ಅಂದರು.
ಗಾಜ್ ಬಟ್ಟೆಯಲ್ಲಿ ಸುತ್ತಿ ಎಡಗೈಗೆ ಕಟ್ಟಿದೆ,
ಗಾಯಕ್ಕೆ ಕಟ್ಟುವ ಗಂಟು, ನನಗೆ ಬರುವುದು ಅದೊಂದೇ.

ಯಂತ್ರ ಬಡಿಯತೊಡಗಿತು.
ತಲೆಯೊಳಗಿನದು ಪರದೆಯ ಮೇಲೆ ಪದರು ಪದರಾಗಿ ಬಂತು.
ಹಟ ಎಲ್ಲಿದೆ, ನಂಬಿಕೆ ಎಲ್ಲಿದೆ, ಕಾಣಲಿಲ್ಲ.
ಕಂಡದ್ದನ್ನು ಹೇಳುವುದು ನನ್ನ ಕೆಲಸವಲ್ಲ.
ಹೊರಗೆ ಬೆಂಚಿನಲ್ಲಿ ತಾಯಪ್ಪ
ತಟ್ಟೆಯಲ್ಲಿದ್ದ ಖಾಲಿ ಕರಡಿಗೆ ತಗೊಂಡು
ಟವೆಲಿನ ತುದಿಯಿಂದ ಒರೆಸುತ್ತಿದ್ದ,
ನಿಲ್ಲಿಸಿ ನೋಡುತ್ತಿದ್ದ, ಮತ್ತೆ ಒರೆಸುತ್ತಿದ್ದ.

ಊಟದ ಹೊತ್ತಿಗೆ ಮೇಲೆ ಬಂದು ಅವ್ವಗೆ ಫೋನು ಹಚ್ಚಿದೆ.
‘ನಂದು ಖರೆ ಬೆಳ್ಳೀದೇನಬೇ, ಬರೇ ನೀರು ಕುಡಿಸಿದ್ದೇನು?’
ಅತ್ತ ಕಡೆ ಕುಕ್ಕರು ಕೂಗಿತು, ನಿಂತಿತು.
‘ಯಾಕ?’ ಅಂದಳು.
ಬಿಸಿಲಾಗ ನಿಂತೀನಿ, ಸರಿಯಾಗಿ ಕೇಳಸವಲ್ದು, ಅಂದೆ.